ನಲವತ್ತೊಂದು ಒದ್ದೆ ನೋಟ್‌ಬುಕ್ಕುಗಳು

ಲಾಂಡ್ರಿ ಅಂಗಡಿಯ ಗರಿಗರಿ ಅಕ್ಕನಿಗೆ ಆ ಹೆಸರು ಬಂದದ್ದು ಅವಳ ಬಾಯಿಂದಲೇ. ಯಾರು ಏನೇ ತಂದು ಮೇಜಿನ ಮೇಲೆ ಹಾಕಲಿ, ಮದುವೆಗೆ ಹೊರಟ ಕೋಟಿರಲಿ, ಮೂರು ತಿಂಗಳಿಂದ ಹಾಸಿಗೆ ಬಿಟ್ಟೇಳದ ರೋಗಿಯ ಹೊದಿಕೆಯಿರಲಿ, “ಗುರುವಾರ ಬನ್ನಿ, ಗರಿಗರಿ ಮಾಡಿ ಕೊಡ್ತೀನಿ” ಎನ್ನುವುದು ಇಪ್ಪತ್ತಾರು ವರ್ಷಗಳಿಂದ ಅವಳ ಒಂದೇ ಮಾತು. ಬಟ್ಟೆಯ ವಿಷಯದಲ್ಲಿ ಅವಳಿಗೆ ತಿಳಿಯದ್ದು ಏನೂ ಇಲ್ಲವೆಂದು ಬೀದಿಯವರು ನಂಬಿದ್ದರು. ಅಕ್ಕನಂತೂ ಅವರಿಗಿಂತ ಮೊದಲೇ ನಂಬಿದ್ದಳು. ಕಾಲರಿನ ಕೊಳೆ ನೋಡಿ ಆ ಮನುಷ್ಯ ಎಂಥ ಕುರ್ಚಿಯಲ್ಲಿ ಕೂರುತ್ತಾನೆಂದು ಹೇಳುತ್ತಿದ್ದಳು. ಗುಂಡಿ ಹೊಲಿದ ದಾರ ನೋಡಿ ಗಂಡ ಹೆಂಡಿರು ಮಾತು ಬಿಟ್ಟಿದ್ದಾರೆ ಎನ್ನುತ್ತಿದ್ದಳು. ಅದು ಹೆಚ್ಚುಕಡಿಮೆ ನಿಜವೂ ಆಗಿರುತ್ತಿತ್ತು.

ಇಂಥವಳಿಗೆ ಬೇರೆಯವರ ಕೈಕೆಲಸ ಹಿಡಿಸೀತೇ? ಮನೆಯ ಬಾಗಿಲು ಕಿರುಗುಟ್ಟಿದರೆ ತಾನೇ ಎಣ್ಣೆ ಬಿಡುತ್ತಿದ್ದಳು, ನಲ್ಲಿ ಸೋರಿದರೆ ತಾನೇ ದಾರ ಸುತ್ತುತ್ತಿದ್ದಳು, ಕುರ್ಚಿಯ ಕಾಲು ಅಲುಗಾಡಿದರೆ ಹಳೆಯ ಅಂಗಿಯ ಪಟ್ಟಿ ಹರಿದು ಬಿಗಿಯುತ್ತಿದ್ದಳು. ಆಮೇಲೆ ಆ ನಲ್ಲಿಯನ್ನು ಉಲ್ಟಾ ತಿರುಗಿಸಿದರೆ ಮಾತ್ರ ನೀರು ಬರುತ್ತಿತ್ತು. ಆ ಕುರ್ಚಿಯಲ್ಲಿ ಕೂತವರು ಸ್ವಲ್ಪ ಬಲಕ್ಕೆ ವಾಲಿಕೊಂಡೇ ಮಾತಾಡಬೇಕಾಗುತ್ತಿತ್ತು. ಅದೆಲ್ಲ ಅಭ್ಯಾಸದ ವಿಷಯ ಎಂದು ಅಕ್ಕನ ತೀರ್ಮಾನ. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಊರಿನ ಬಸ್ಸುಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ ಆ ಮನುಷ್ಯನಿಗೆ ಮನೆಯ ಒಂದು ಮೊಳೆ ಮುಟ್ಟಲೂ ಅವಳು ಬಿಟ್ಟವಳಲ್ಲ. ಅವನು ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಒಬ್ಬಳೇ ಮಗಳು. ಅಪ್ಪನ ಡಿಪೋದಲ್ಲೇ ಬಸ್ ಡ್ರೈವರ್. ಮದುವೆಯಾಗಿ ಎರಡು ಬೀದಿ ಆಚೆ ಇದ್ದಳು. ಅಮ್ಮನಿಗೆ ಐವತ್ತು ತುಂಬಿದ ದಿನ ಅವಳು ಒಂದು ವಾಷಿಂಗ್ ಮಷೀನು ತಂದು ಇಳಿಸಿದಳು. ಅಕ್ಕ ಅದನ್ನು ಸುತ್ತ ಒಂದು ಸಲ ನೋಡಿ, “ಹಗಲೆಲ್ಲ ಊರ ಬಟ್ಟೆ ಒಗೆಯೋಳಿಗೆ ಮನೇಲೂ ಒಂದು ಒಗೆಯೋ ಮಷೀನು. ನಿನಗೂ ಒಂದು ಬಸ್ಸು ತಂದು ನಿಮ್ಮ ನಡುಮನೇಲಿ ನಿಲ್ಲಿಸಲೇನೆ?” ಎಂದು ಕೇಳಿದಳು. ಮಷೀನು ಎರಡು ವರ್ಷ ಬಚ್ಚಲಮನೆಯ ಮೂಲೆಯಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದ್ದುಕೊಂಡು ಒಳ್ಳೆಯ ಮೇಜಿನಂತೆ ನಿಂತಿತ್ತು.

ಆದರೆ ಐವತ್ತೆರಡಕ್ಕೆ ಅಕ್ಕನ ಬಲ ಭುಜ ಹಿಡಿದುಕೊಂಡಿತು. ಮನೆಗೆ ಬಂದು ಬಕೆಟ್ಟಿನ ಮುಂದೆ ಕೂರುವುದು ಬೇಡವೆನಿಸಿತು. ಮಗಳಿಗೆ ಹೇಳದೆ ಮಷೀನಿನ ಕಂಪನಿಯವರಿಗೆ ಫೋನು ಮಾಡಿದಳು. ಜೋಡಿಸಿ ಕೊಡುವವನು ತನ್ನ ಕೂಲಿ ಹೇಳಿದ. ನಲ್ಲಿಗೆ ಒಂದು ಪೈಪು ಸಿಕ್ಕಿಸಿ ಎರಡು ಸುತ್ತು ತಿರುಗಿಸುವುದಕ್ಕೆ ಅಷ್ಟು ದುಡ್ಡೇ ಎಂದು ಅಕ್ಕ ಫೋನು ಇಟ್ಟಳು. ತಾನೇ ಸಿಕ್ಕಿಸಿದಳು, ತಾನೇ ತಿರುಗಿಸಿದಳು. ಎರಡು ಸುತ್ತಲ್ಲ, ಇರಲಿ ಎಂದು ಐದು ಸುತ್ತು. ಮೂರು ವಾರ ಮಷೀನು ಹೇಳಿದಂತೆ ಕೇಳಿತು. ಪರವಾಗಿಲ್ಲ, ಕೈಯಷ್ಟು ಶುದ್ಧವಿಲ್ಲದಿದ್ದರೂ ಕಲಿಯುತ್ತದೆ ಎಂದು ಅಕ್ಕ ಅದಕ್ಕೆ ಪಾಸು ಮಾರ್ಕು ಕೊಟ್ಟಿದ್ದಳು.

ಅಕ್ಕನದು ಮೂರನೆಯ ಮಹಡಿ. ಅವಳ ಕೆಳಗೆ, ಎರಡನೆಯ ಮಹಡಿಯಲ್ಲಿ, ಭೂಗೋಳದ ಮೇಷ್ಟ್ರು. ನಿವೃತ್ತರಾಗಿ ಬಹಳ ಕಾಲವಾಗಿತ್ತು, ಮದುವೆ ಮಾಡಿಕೊಂಡಿರಲಿಲ್ಲ. ಎಪ್ಪತ್ತಮೂರನೆಯ ವಯಸ್ಸಿನಲ್ಲೂ ಅಂಗಿಯ ಜೇಬಿನಲ್ಲಿ ಮೊನೆ ಮಾಡಿದ ಪೆನ್ಸಿಲ್ ಇಟ್ಟುಕೊಂಡೇ ಹಾಲು ತರಲು ಹೋಗುವವರು. ಅಕ್ಕ ಆ ಮನೆಗೆ ಬಂದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರಿಬ್ಬರ ನಡುವೆ ನಡೆದ ಮಾತುಕತೆಯೆಲ್ಲ ಕೋಲಿನದು. ಮೇಲೆ ಕುರ್ಚಿ ಎಳೆದರೆ ಮೇಷ್ಟ್ರು ಕೆಳಗಿನಿಂದ ಚಾವಣಿಗೆ ಕೋಲಿನಲ್ಲಿ ಒಂದು ಸಲ ಕುಟ್ಟುತ್ತಿದ್ದರು. ಪಾತ್ರೆ ಬಿದ್ದರೆ ಎರಡು ಸಲ. ಅಕ್ಕ ಹಿಮ್ಮಡಿಯಲ್ಲಿ ಒಂದು ಸಲ ಕುಟ್ಟಿ ಉತ್ತರ ಕೊಡುತ್ತಿದ್ದಳು. ಮಗಳು ಚಿಕ್ಕವಳಿದ್ದಾಗ ಅವರನ್ನು ಕೋಲು ತಾತ ಎನ್ನುತ್ತಿದ್ದಳು. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಒಂದೊಂದು ಗೋಡೆ ಹಿಡಿದು ನಡೆದು ಹೋಗುವುದು ರೂಢಿ. ಅಷ್ಟೇ ಅಲ್ಲ, ಮೇಷ್ಟ್ರು ತಮ್ಮ ಬಟ್ಟೆಯನ್ನು ನಾಲ್ಕು ಬೀದಿ ಆಚೆಯ ಬೇರೆ ಲಾಂಡ್ರಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಅಲ್ಲಿ ಇಸ್ತ್ರಿ ಸರಿಯಿಲ್ಲವೆಂಬುದು ಅವರ ತೋಳುಗಳನ್ನು ನೋಡಿದರೇ ಅಕ್ಕನಿಗೆ ತಿಳಿಯುತ್ತಿತ್ತು. ಅದೊಂದು ಅವಳ ಸಮಾಧಾನ.

ಆ ಮಂಗಳವಾರ ಬೆಳಗ್ಗೆ ಅಕ್ಕ ಮಷೀನಿಗೆ ಬಟ್ಟೆ ತುಂಬಿ, ಗುಂಡಿ ಒತ್ತಿ, ಬಾಗಿಲಿಗೆ ಬೀಗ ಹಾಕಿಕೊಂಡು ಅಂಗಡಿಗೆ ಹೋದಳು. ಹತ್ತೂವರೆಗೆ ಅಂಗಡಿಯಲ್ಲಿ ಜನ. ಒಬ್ಬ ವಕೀಲ ತನ್ನ ಕಪ್ಪು ಕೋಟು ಕಂದಾಗಿದೆ ಎಂದು ವಾದ ಹೂಡಿದ್ದ. ಅವನ ಹಿಂದೆ ಒಬ್ಬ ಹೆಂಗಸು ಐದು ಪರದೆಗಳನ್ನು ಎಣಿಸಿ ನಾಲ್ಕೆಂದೂ ಮತ್ತೆ ಎಣಿಸಿ ಆರೆಂದೂ ಹೇಳುತ್ತಿದ್ದಳು. ಅವಳ ಹಿಂದೆ, ಕೈ ಕಟ್ಟಿಕೊಂಡು, ಮಂಡಿಯವರೆಗೆ ಒದ್ದೆಯಾದ ಪ್ಯಾಂಟಿನಲ್ಲಿ ಭೂಗೋಳದ ಮೇಷ್ಟ್ರು ನಿಂತಿದ್ದರು. ಅಕ್ಕ ಅವರನ್ನು ನೋಡಿದಳು. ಕೊನೆಗೂ ನನ್ನ ಅಂಗಡಿಗೆ ಬಂದರಲ್ಲ ಎಂದು ಒಳಗೊಳಗೇ ಹಿಗ್ಗಿ, ಬೇಕೆಂದೇ ವಕೀಲನ ಜೊತೆ ಇನ್ನೆರಡು ಮಾತು ಹೆಚ್ಚು ಆಡಿದಳು. ಪರದೆಗಳನ್ನು ತಾನೂ ಒಂದು ಸಲ ಎಣಿಸಿದಳು. ಆಮೇಲೆ ಮೇಷ್ಟ್ರ ಸರದಿ ಬಂತು.

“ನಿಮ್ಮ ಮನೆ ನೀರು ನಮ್ಮನೇಲಿದೆ” ಎಂದರು ಮೇಷ್ಟ್ರು.

ಅಕ್ಕನ ಕೈಯಲ್ಲಿದ್ದ ಚೀಟಿ ಪುಸ್ತಕ ಕೆಳಗೆ ಬಿತ್ತು. ಎಷ್ಟು ಹೊತ್ತಿನಿಂದ ಎಂದು ಕೇಳಿದಳು. ತಾವು ಬಂದು ನಿಂತು ಹನ್ನೆರಡು ನಿಮಿಷವಾಯಿತು, ನೀರು ಬಂದದ್ದು ಅದಕ್ಕೂ ಮೊದಲು ಎಂದು ಅವರು ಕೈಗಡಿಯಾರ ನೋಡಿ ಹೇಳಿದರು.

“ಬಂದ ತಕ್ಷಣ ಹೇಳ್ಬಾರ್ದಾ ಮೇಷ್ಟ್ರೇ?”

ಮೇಷ್ಟ್ರು ಒಮ್ಮೆ ಹಿಂದೆ ಮುಂದೆ ನೋಡಿದರು. “ಸಾಲಿತ್ತು” ಎಂದರು.

ಇಬ್ಬರೂ ಓಡಿದರು. ಅಂದರೆ ಅಕ್ಕ ಓಡಿದಳು. ಮೇಷ್ಟ್ರು ಬೀದಿ ದಾಟುವಾಗ ಎರಡೂ ಕಡೆ ನೋಡಿ ದಾಟಿದರು. ಮೂರನೆಯ ಮಹಡಿಯ ಬಾಗಿಲು ತೆಗೆದಾಗ ನೀರು ಅಕ್ಕನನ್ನು ಎದುರುಗೊಳ್ಳಲು ಹೊಸ್ತಿಲಿಗೇ ಬಂದಿತ್ತು. ಬಚ್ಚಲಮನೆಯಲ್ಲಿ ಪೈಪು ನಲ್ಲಿಯಿಂದ ಕಳಚಿಕೊಂಡು ಹಾವಿನಂತೆ ಹೊರಳಾಡುತ್ತಿತ್ತು. ನಲ್ಲಿ ನಿಲ್ಲಿಸಿದ ಮೇಲೆ ಅಕ್ಕ ಮನೆ ನೋಡಿದಳು. ಮಂಚದ ಕೆಳಗಿದ್ದ ರಟ್ಟಿನ ಪೆಟ್ಟಿಗೆಗಳು ಕರಗಿ ಕೂತಿದ್ದವು. ಪುಡಿ ಮರದ ಹಲಗೆಯ ಬೀರು ಆಗಲೇ ನೀರು ಕುಡಿದು ಬಸುರಿಯಂತೆ ಉಬ್ಬಿತ್ತು. ನೆಲಕ್ಕೆ ಅಂಟಿಸಿದ್ದ ಹಲಗೆಗಳು ಒಂದೊಂದೇ ಮೇಲೆದ್ದು, ಕಾಲಿಟ್ಟಲ್ಲೆಲ್ಲ ಪಿಚಕ್ಕನೆ ನೀರು ಉಗುಳುತ್ತಿದ್ದವು. ಅಕ್ಕ ಅಳಲಿಲ್ಲ. ಮಷೀನಿನ ಬಾಗಿಲು ತೆಗೆದು ಬಟ್ಟೆ ನೋಡಿದಳು. ಶುದ್ಧವಾಗಿ ಒಗೆದಿತ್ತು. ಅದು ಅವಳಿಗೆ ಇನ್ನೂ ಸಿಟ್ಟು ತರಿಸಿತು.

ಆಮೇಲೆ ಮೊಟ್ಟಮೊದಲ ಸಲ ಮೇಷ್ಟ್ರ ಮನೆಗೆ ಇಳಿದಳು. ಚಾವಣಿಯ ಗಾರೆ ಹೊಟ್ಟೆ ಬಿಟ್ಟುಕೊಂಡು ನೇತಾಡುತ್ತಿತ್ತು. ಗಾಜಿನ ದೀಪದ ಬುರುಡೆಯಲ್ಲಿ ನೀರು ತುಂಬಿ, ಒಳ್ಳೆಯ ಮೀನು ಸಾಕುವ ಬೋಗುಣಿಯಾಗಿತ್ತು. ಹಾಸಿಗೆ ತೊಯ್ದಿತ್ತು, ರೇಡಿಯೋ ತೊಯ್ದಿತ್ತು, ಗೋಡೆಯ ಭೂಪಟದಲ್ಲಿ ಎರಡು ಖಂಡಗಳು ಕೆಳಕ್ಕೆ ಇಳಿದಿದ್ದವು. ಮೇಷ್ಟ್ರು ಅದೊಂದನ್ನೂ ನೋಡುತ್ತಿರಲಿಲ್ಲ. ಗೋಡೆಯ ಪಕ್ಕದ ಕಪಾಟಿನಿಂದ ರಟ್ಟಿನ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತೆಗೆದು, ನೀರು ಬಸಿದು, ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ನಲವತ್ತೊಂದು ನೋಟ್‌ಬುಕ್ಕು. ನಲವತ್ತೊಂದು ವರ್ಷದ್ದು, ವರ್ಷಕ್ಕೆ ಒಂದರಂತೆ.

ಏನವು ಎಂದು ಅಕ್ಕ ಕೇಳಿದಳು. ಹವಾಮಾನದ ದಾಖಲೆ ಎಂದರು. ಪ್ರತಿದಿನ ಬಿಸಿಲೆಷ್ಟು, ಮಳೆಯೆಷ್ಟು, ಗಾಳಿ ಯಾವ ಕಡೆಯಿಂದ. ಒಂದು ದಿನವೂ ತಪ್ಪಿಲ್ಲ. ಹೇಳುತ್ತಲೇ ಇನ್ನೊಂದು ನೋಟ್‌ಬುಕ್ಕನ್ನು ಅಂಗಿಯ ತೋಳಿನಿಂದ ಒರೆಸಿದರು. ಕೋಲಿನ ಸದ್ದಿಗೆ ಇಪ್ಪತ್ತನಾಲ್ಕು ವರ್ಷ ಹಿಮ್ಮಡಿಯಿಂದ ಉತ್ತರ ಕೊಟ್ಟ ಅಕ್ಕ ಈ ಸಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಚಾಚಿದಳು.

“ಕೊಡಿ ಇಲ್ಲಿ. ಒದ್ದೆ ಒಣಗಿಸೋದೇ ನನ್ನ ಕಸುಬು” ಎಂದಳು.

ಕಾಯಿಲೆ ತಂದವರೇ ಮದ್ದು ಕೊಡುತ್ತಾರಂತೆ ಎಂದು ಮೇಷ್ಟ್ರು ಗೊಣಗಿದರು. ಆದರೆ ಅಕ್ಕ ಅಷ್ಟರಲ್ಲಿ ಮೇಲಿನಿಂದ ತನ್ನ ಸೀರೆಯೊಂದನ್ನು ತಂದು ಹಾಸಿ ನೋಟ್‌ಬುಕ್ಕುಗಳನ್ನು ಗಂಟು ಕಟ್ಟಿಯಾಗಿತ್ತು. ಅಂಗಡಿಯ ಹಿಂಭಾಗದಲ್ಲಿ ಬಿಸಿಗಾಳಿ ಬಿಟ್ಟು ಬಟ್ಟೆ ಒಣಗಿಸುವ ಒಂದು ಕೋಣೆಯಿತ್ತು. ಹೊಲಿಗೆ ಬಿಚ್ಚಿ, ಹಾಳೆ ಬಿಡಿಸಿ, ಹಗ್ಗದ ಮೇಲೆ ಕ್ಲಿಪ್ಪು ಹಾಕಿ ನೇತುಹಾಕಿದಳು. ಎರಡು ದಿನ ಊರಿನ ಅಂಗಿ ಪ್ಯಾಂಟುಗಳೆಲ್ಲ ಕಾದವು. ಭೂಗೋಳದವರು ಶಾಯಿಯನ್ನು ನಂಬುವವರಲ್ಲ. ಎಲ್ಲವೂ ಪೆನ್ಸಿಲಿನಲ್ಲಿದ್ದದ್ದರಿಂದ ಒಂದಕ್ಷರವೂ ಅಳಿಸಿರಲಿಲ್ಲ. ಆದರೆ ಹಾಳೆಗಳು ಒಣ ತರಗೆಲೆಯಂತೆ ಸುರುಟಿಕೊಂಡವು. ಒಂದೊಂದನ್ನೂ ಕೆಳಗೊಂದು ಮೇಲೊಂದು ಹತ್ತಿಬಟ್ಟೆ ಇಟ್ಟು ಸಣ್ಣ ಕಾವಿನಲ್ಲಿ ಇಸ್ತ್ರಿ ಮಾಡಬೇಕು. ಸಾವಿರಾರು ಹಾಳೆ. ಅಕ್ಕ ದಿನಾ ಸಂಜೆ ಅಂಗಡಿ ಮುಚ್ಚುವ ಮುನ್ನ ಒಂದು ಗಂಟೆ ಅದಕ್ಕೆಂದು ಎತ್ತಿಟ್ಟಳು.

ಇತ್ತ ಮನೆಯಲ್ಲಿ ಖರ್ಚು ಒಂದಕ್ಕೊಂದು ಕೈಹಿಡಿದು ಬರತೊಡಗಿತು. ಮೊದಲು ಬಂದವನು ಪ್ಲಂಬರ್. ಅವನು ಪೈಪು ನೋಡಿ, ನಲ್ಲಿ ನೋಡಿ, ಮಷೀನಿನ ಹಿಂದೆ ಅಂಟಿಸಿದ್ದ ಪ್ಲಾಸ್ಟಿಕ್ ಚೀಲ ಹರಿದು ಒಳಗಿನಿಂದ ಒಂದು ಪುಟ್ಟ ರಬ್ಬರ್ ಉಂಗುರ ತೆಗೆದ. ಉಗುರಿನಷ್ಟು ದೊಡ್ಡದು. ಇದನ್ನು ಹಾಕದೆ ಬಿಗಿದರೆ ಐದಲ್ಲ, ಐವತ್ತು ಸುತ್ತು ತಿರುಗಿಸಿದರೂ ಒಂದಲ್ಲ ಒಂದು ದಿನ ಕಳಚಿಕೊಳ್ಳುತ್ತದೆ ಎಂದು ವಿವರಿಸಿದ. ಆ ಚೀಲದಲ್ಲೇ ಜೋಡಿಸುವ ವಿಧಾನದ ಪುಸ್ತಕವೂ ಇತ್ತು, ಮೊದಲ ಪುಟದಲ್ಲೇ ಆ ಉಂಗುರದ ಚಿತ್ರವೂ ಇತ್ತು. ಪ್ಲಂಬರ್ ಚಿತ್ರವನ್ನು ತೋರಿಸಲು ಬಂದ. ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು.

ಆಮೇಲೆ ಎಲೆಕ್ಟ್ರಿಷಿಯನ್. ಚಾವಣಿಯೊಳಗಿನ ತಂತಿಗೆ ನೀರು ಇಳಿದಿದೆ, ಎರಡು ಮಹಡಿಯದೂ ಬದಲಿಸಬೇಕು ಎಂದ. ಆಮೇಲೆ ಗಾರೆಯವನು. ಚಾವಣಿ ಪೂರ್ತಿ ಒಣಗದೆ ಮುಟ್ಟುವ ಹಾಗಿಲ್ಲ, ಒಣಗಿಸುವ ದೊಡ್ಡ ಫ್ಯಾನು ಬಾಡಿಗೆಗೆ ತರಬೇಕು ಎಂದ. ಬಾಡಿಗೆ ದಿನದ ಲೆಕ್ಕ. ಫ್ಯಾನು ಬಂತು, ವಿಮಾನ ಹಾರುವ ಸದ್ದಿನಲ್ಲಿ ಹದಿನೇಳು ದಿನ ತಿರುಗಿತು. ಆಮೇಲೆ ಕರೆಂಟಿನ ಬಿಲ್ಲು ಬಂತು, ಅದು ಫ್ಯಾನಿನ ಬಾಡಿಗೆಗೂ ದೊಡ್ಡಣ್ಣ. ಗಾರೆ ಮೆತ್ತಿ, ಚಾವಣಿಗೆ ಬಿಳಿ ಬಣ್ಣ ಹೊಡೆಸಿದ ಮೇಲೆ ಕೆಳಗಿನ ನಾಲ್ಕು ಗೋಡೆಗಳು ಇದ್ದಕ್ಕಿದ್ದಂತೆ ಹಳದಿ ಹಲ್ಲಿನಂತೆ ಕಾಣತೊಡಗಿದವು. ಮೇಷ್ಟ್ರು ಪರವಾಗಿಲ್ಲ ಎಂದರು. ಆದರೆ ಮೂರು ಸಲ ಪರವಾಗಿಲ್ಲ ಎಂದರು. ಅಕ್ಕ ಗೋಡೆಗೂ ಬಣ್ಣ ಹೊಡೆಸಿದಳು. ಗೋಡೆಯ ಬಣ್ಣ ಹೊಸದಾದ ಮೇಲೆ ಬಾಗಿಲು ಕಣ್ಣಿಗೆ ಚುಚ್ಚತೊಡಗಿತು. ಅಲ್ಲಿಗೆ ಅಕ್ಕ ಇನ್ನು ಆ ಕಡೆ ನೋಡುವುದಿಲ್ಲವೆಂದು ಶಪಥ ಮಾಡಿದಳು.

ವಿಮೆ ಇದೆಯಲ್ಲ ಎಂದು ಮಗಳು ನೆನಪಿಸಿದಳು. ಇತ್ತು. ಗಿರಾಕಿಯೊಬ್ಬ ಕೋಟು ಒಗೆಸಲು ಬಂದು ಮನೆ ವಿಮೆ ಮಾರಿ ಹೋಗಿದ್ದ; ಅಕ್ಕ ಆರು ವರ್ಷದಿಂದ ಕಂತು ಕಟ್ಟುತ್ತಿದ್ದಳು. ವಿಮೆ ಕಂಪನಿಯ ಕಡೆಯಿಂದ ತಪಾಸಣೆಗೆ ಬಂದವನು ತುಂಬ ಮರ್ಯಾದಸ್ಥ. ಚಪ್ಪಲಿ ಹೊರಗೆ ಬಿಟ್ಟು, ಉಬ್ಬಿದ ಬೀರುವಿಗೆ ಸಂತಾಪ ಸೂಚಿಸಿ, ಎಲ್ಲವನ್ನೂ ಬರೆದುಕೊಂಡು, ಕೊನೆಗೆ ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದ. ಪೈಪು ಜೋಡಿಸಿದ್ದು ಯಾರು? ಮಗಳು ಅಮ್ಮನ ಹಿಂದೆ ನಿಂತು ಕೆಮ್ಮಿದಳು. ಸಾಕ್ಷಿ ಹೇಳಲು ಕರೆಸಿದ್ದ ಪ್ಲಂಬರ್ ಕೂಡ ಯಾಕೋ ಗಂಟಲು ಸರಿಮಾಡಿಕೊಂಡ.

“ನಾನೇ” ಎಂದಳು ಅಕ್ಕ. ಎದೆ ಸೆಟೆಸಿಕೊಂಡು, ಬಹುಮಾನ ಪಡೆಯುವವಳ ಹಾಗೆ.

ಅವನು ಪೆನ್ನಿನ ಮುಚ್ಚಳ ಹಾಕಿದ. ತರಬೇತಿಯಿಲ್ಲದವರು ಜೋಡಿಸಿದ್ದಕ್ಕೆ ಪರಿಹಾರವಿಲ್ಲವೆಂದು ನಿಯಮದ ಪುಸ್ತಕದ ಹಿಂಭಾಗದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬರೆದಿತ್ತು. ಮೆಟ್ಟಿಲು ಇಳಿಯುವಾಗ ಮಗಳು ಏನೋ ಹೇಳಲು ಬಾಯಿ ತೆಗೆದಳು. ಅಕ್ಕ ತಡೆದು, ಸುಳ್ಳು ಹೇಳಿದ್ದರೆ ಆ ಐದು ಸುತ್ತಿನ ಕೀರ್ತಿ ಇನ್ಯಾರಿಗೋ ಹೋಗುತ್ತಿತ್ತಲ್ಲ ಎಂದಳು. ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಅಕ್ಕನಿಗೆ ಬುದ್ಧಿ ಬಂದಿತ್ತು, ಆದರೆ ಅದನ್ನು ಮಗಳ ಮುಂದೆ ತೋರಿಸಲು ಇನ್ನೂ ಸಿದ್ಧವಿರಲಿಲ್ಲ. ಖರ್ಚು ತೂಗಿಸಲು ಬಸ್ ನಿಲ್ದಾಣದ ಎದುರಿನ ಹೋಟೆಲಿನ ಹಾಸು ಹೊದಿಕೆಗಳನ್ನೆಲ್ಲ ಒಗೆಯುವ ಕೆಲಸ ಒಪ್ಪಿಕೊಂಡಳು. ಭುಜಕ್ಕೆ ಎಣ್ಣೆ ತಿಕ್ಕಿಕೊಂಡು ದಿನಕ್ಕೆ ಅರವತ್ತು ಹಾಸು ಮಡಿಸಿದಳು.

ಆ ನಡುವೆ ಸಂಜೆಯ ಇಸ್ತ್ರಿ. ಮೇಷ್ಟ್ರು ದಿನಾ ಆರೂವರೆಗೆ ಸರಿಯಾಗಿ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂರುತ್ತಿದ್ದರು, ಹಾಳೆಗಳ ಕಾವಲಿಗೆ. ಮೊದಲ ದಿನವೇ, ಓದಬಾರದು ಎಂದು ಷರತ್ತು ಹಾಕಿದ್ದರು. ಜನರ ಜೇಬಿನಲ್ಲಿ ಏನೇನೋ ಸಿಗುತ್ತದೆ, ಇವತ್ತಿನವರೆಗೆ ಒಂದನ್ನೂ ಓದಿದವಳಲ್ಲ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದಳು. ಅದು ಅಷ್ಟೇನೂ ನಿಜವಲ್ಲ. ಅದೂ ಅಲ್ಲದೆ ಇಸ್ತ್ರಿ ಪೆಟ್ಟಿಗೆ ನಿಧಾನವಾಗಿ ಚಲಿಸುವ ವಸ್ತು, ಕಣ್ಣೇನು ಕುರುಡಲ್ಲ.

ಹಾಳೆಯಲ್ಲಿ ನಾಲ್ಕು ಕಾಲಂ ಇತ್ತು. ಬಿಸಿಲು. ಮಳೆ. ಗಾಳಿ. ನಾಲ್ಕನೆಯದು ಇತರೆ. ಮೊದಲ ವರ್ಷಗಳ ಇತರೆಯಲ್ಲಿ ಆಲಿಕಲ್ಲು, ಮಂಜು, ಒಂದು ಧೂಮಕೇತು ಇದ್ದವು. ಹತ್ತನೆಯ ನೋಟ್‌ಬುಕ್ಕಿನ ಹೊತ್ತಿಗೆ ಅಲ್ಲಿಗೆ ಮೇಲಿನ ಮನೆಯೂ ಬಂದಿತ್ತು. ಅಕ್ಕನಿಗಿಂತ ಮೊದಲು ಅಲ್ಲಿದ್ದ ದಂಪತಿಗಳು ಯಾವ ದಿನ ಜಗಳವಾಡಿದರು, ಯಾರ ಸ್ವರ ಮೊದಲು ನಿಂತಿತು ಎಲ್ಲವೂ ಇತ್ತು. ಅಕ್ಕ ಅದನ್ನು ಬಲು ಖುಷಿಯಿಂದ ಇಸ್ತ್ರಿ ಮಾಡಿದಳು. ಹದಿನೆಂಟನೆಯ ನೋಟ್‌ಬುಕ್ಕಿಗೆ ಬಂದಾಗ ಖುಷಿ ಇಳಿಯಿತು. ‘ಬಿಸಿಲು. ಗಾಳಿ ಪಶ್ಚಿಮದಿಂದ. ಇತರೆ: ಮೇಲೆ ಹೊಸಬರು. ಕುರ್ಚಿ ಎಳೆದದ್ದು ಏಳು ಸಲ.’ ಮರುದಿನ: ‘ಕುರ್ಚಿ ಒಂಬತ್ತು ಸಲ. ಹೆಂಗಸು ನಡೆಯುವುದು ಹಿಮ್ಮಡಿಯ ಮೇಲೆ.’

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅಕ್ಕನ ಇಸ್ತ್ರಿ ಪೆಟ್ಟಿಗೆ ನಿಂತಲ್ಲೇ ನಿಂತಿತು. ಬಟ್ಟೆಯ ಕೆಳಗಿನಿಂದ ಹೊಗೆ ಬಂದಾಗ ಎಚ್ಚರವಾಯಿತು. ಹಾಳೆಯ ಮೂಲೆಯಲ್ಲಿ ಕಂದು ಬಣ್ಣದ ಒಂದು ತ್ರಿಕೋನ ಮೂಡಿತ್ತು. ಮೇಷ್ಟ್ರು ಬಂದು ನೋಡಿ ಬೆಂಚಿಗೆ ವಾಪಸು ಹೋದರು. ಅಕ್ಕ ಪೆಟ್ಟಿಗೆ ಆರಿಸಿದಳು. ಎರಡು ದಿನ ಹಾಳೆ ಮುಟ್ಟಲಿಲ್ಲ. ಹೋಟೆಲಿನ ಕೆಲಸ ಹೆಚ್ಚು ಎಂದು ನೆಪ ಹೇಳಿದಳು. ತಾನು ಕಷ್ಟಪಟ್ಟು ಬಾಳಿದ ಬಾಳನ್ನು ಈ ಮನುಷ್ಯ ಕೆಳಗೆ ಕೂತು ಸದ್ದಿನ ಲೆಕ್ಕದಲ್ಲಿ ಬರೆದಿಟ್ಟಿದ್ದಾನಲ್ಲ ಎಂದು ಒಳಗೆ ಕುದಿಯುತ್ತಿದ್ದಳು. ಮೂರನೆಯ ದಿನ ಮತ್ತೆ ಶುರುಮಾಡಿದಳು. ಸಿಟ್ಟು ಇಳಿದಿತ್ತು ಎಂದಲ್ಲ, ಮುಂದೇನು ಬರೆದಿದ್ದಾನೆ ನೋಡೋಣ ಎಂದು.

ಮುಂದೆ ಮಗಳ ಹಗ್ಗದಾಟ ಬಂತು. ‘ಮಳೆಯಿಲ್ಲ. ಇತರೆ: ಮೇಲಿನ ಮಗು ಹಗ್ಗ ಹಾರಿತು. ನಲವತ್ತು. ಕೋಲು ಎರಡು ಸಲ.’ ಒಂದು ವಾರದ ನಂತರ: ‘ಅರವತ್ತೆಂಟು.’ ಕೋಲಿನ ಮಾತಿಲ್ಲ. ಆಮೇಲೆ: ‘ತೊಂಬತ್ತೊಂಬತ್ತಕ್ಕೆ ನಿಂತಿತು. ಊಟಕ್ಕೆ ಕರೆದಿರಬೇಕು.’ ಮರುದಿನ ಬಿಸಿಲು, ಮಳೆ, ಗಾಳಿ ಯಾವುದನ್ನೂ ಬರೆದಿರಲಿಲ್ಲ. ಒಂದೇ ಸಾಲು: ‘ನೂರಾ ನಾಲ್ಕು.’ ಅದರ ಕೆಳಗೆ ಎರಡು ಗೆರೆ.

ಒಂದು ದಿನವೂ ತಪ್ಪಿಲ್ಲ ಎಂದು ಹೇಳಿದ್ದರಲ್ಲ ಎಂದುಕೊಂಡು ಅಕ್ಕ ಬೆಂಚಿನ ಕಡೆ ನೋಡಿದಳು. ಮೇಷ್ಟ್ರು ದಿನಪತ್ರಿಕೆಯ ಹಿಂದೆ ಇದ್ದರು.

ಆಮೇಲೆ ಗಂಡ ಸಿಗತೊಡಗಿದ. ಅವನಿಗೆ ರಾತ್ರಿ ಪಾಳಿ. ಬೆಳಗ್ಗೆ ಬಂದು, ಗಡ್ಡ ಮಾಡಿಕೊಂಡು, ಮಧ್ಯಾಹ್ನದವರೆಗೆ ಮಲಗುತ್ತಿದ್ದ. ‘ಮೇಲಿನವರು ಗುನುಗುತ್ತ ಗಡ್ಡ ಮಾಡಿಕೊಂಡರು. ಶ್ರುತಿ ಇಲ್ಲ.’ ಮರುದಿನವೂ: ‘ಗುನುಗು. ಶ್ರುತಿ ಇಲ್ಲ.’ ವರ್ಷಗಟ್ಟಲೆ ಅದೇ. ಒಂದು ಭಾನುವಾರ ಮಾತ್ರ: ‘ಶ್ರುತಿ ಸ್ವಲ್ಪ ಉತ್ತಮ.’ ಗಂಡನ ಫೋಟೋ ಅಕ್ಕನ ಮನೆಯಲ್ಲಿ ಮೂರಿದ್ದವು, ಅವನ ಅಂಗಿ ಎರಡು ಇದ್ದವು. ಆದರೆ ಅವನು ಗುನುಗುತ್ತಿದ್ದ ಎನ್ನುವುದನ್ನೇ ಅವಳು ಮರೆತುಬಿಟ್ಟಿದ್ದಳು. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಮೂಗು ಒರೆಸಿಕೊಂಡು, ಆವಿ ಜಾಸ್ತಿಯಾಯಿತು ಎಂದು ಯಾರೂ ಕೇಳದಿದ್ದರೂ ಹೇಳಿದಳು.

ಒಂಬತ್ತು ವರ್ಷದ ಹಿಂದಿನ ನೋಟ್‌ಬುಕ್ಕು ಬಂದ ದಿನ ಅವಳು ನಿಧಾನಿಸಿದಳು. ಆ ತಾರೀಖು ಅವಳಿಗೆ ಗೊತ್ತಿತ್ತು. ‘ಮೋಡ. ಮಳೆಯಿಲ್ಲ. ಗಾಳಿಯಿಲ್ಲ. ಇತರೆ:’ ಮುಂದೆ ಖಾಲಿ. ಮರುದಿನ ಖಾಲಿ. ಇಪ್ಪತ್ತೆಂಟು ದಿನ ಬಿಸಿಲು, ಮಳೆ, ಗಾಳಿ ಎಲ್ಲವೂ ಇತ್ತು, ಇತರೆ ಮಾತ್ರ ಖಾಲಿ. ಇಪ್ಪತ್ತೊಂಬತ್ತನೆಯ ದಿನ ಬರೆದಿತ್ತು: ‘ಮೇಲೆ ಕುರ್ಚಿ ಎಳೆದ ಸದ್ದು. ಸದ್ಯ.’

ಅಕ್ಕ ಆ ಹಾಳೆಯನ್ನು ಎರಡು ಸಲ ಇಸ್ತ್ರಿ ಮಾಡಿದಳು. ಆಮೇಲೆ ಬೆಂಚಿನ ಕಡೆ ತಿರುಗಿ, “ಈ ಸದ್ಯ ಅಂದ್ರೆ ಏನು ಮೇಷ್ಟ್ರೇ?” ಎಂದು ಕೇಳಿದಳು.

“ಓದಲ್ಲ ಅಂದಿದ್ರಿ.”

“ನಾನು ಓದಿಲ್ಲ. ಪೆಟ್ಟಿಗೆ ಓದ್ತು.”

ಮೇಷ್ಟ್ರು ಪತ್ರಿಕೆ ಮಡಿಸಿದರು. ಅದನ್ನು ಮತ್ತೆ ಬಿಡಿಸಿ, ಮತ್ತೆ ಮಡಿಸಿದರು. “ಇಪ್ಪತ್ತೆಂಟು ದಿನ ಮೇಲೆ ಯಾರೂ ಇಲ್ಲದ ಹಾಗಿತ್ತು. ಬಂದು ಕೇಳೋಣ ಅಂದ್ರೆ ನಮ್ಮಿಬ್ಬರಲ್ಲಿ ಮಾತಿರಲಿಲ್ಲ. ಅವತ್ತು ಕುರ್ಚಿ ಎಳೆದ್ರಿ. ಊಟಕ್ಕೆ ಕೂತ್ರಿ ಅಂತ ಗೊತ್ತಾಯ್ತು. ಅಷ್ಟೇನಮ್ಮಾ.”

ಅಕ್ಕ ಮುಂದಿನ ಹಾಳೆ ತೆಗೆದುಕೊಂಡಳು. ಅದನ್ನೂ ಇನ್ನೂ ಮೂರನ್ನೂ ಇಸ್ತ್ರಿ ಮಾಡಿ ಮುಗಿಸಿದಳು. ಆಮೇಲೆ ಅವಳಿಗೆ ಸುಮ್ಮನಿರಲಾಗಲಿಲ್ಲ. ಒಣಗಿಸಿ ಪಕ್ಕಕ್ಕಿಟ್ಟಿದ್ದ ಹಳೆಯ ಕಟ್ಟಿನಿಂದ ಒಂದು ಹಾಳೆ ಹುಡುಕಿ ತೆಗೆದು, ಇದೊಂದು ತಪ್ಪಾಗಿದೆ ಎಂದಳು. ಹದಿನಾಲ್ಕು ವರ್ಷದ ಹಿಂದಿನದು. ‘ಮಾರ್ಚ್ ಒಂಬತ್ತು, ಮಧ್ಯಾಹ್ನ ಹನ್ನೆರಡೂಕಾಲು. ನಿರ್ಮಲ ಆಕಾಶ. ಗುಡುಗು ಒಂದು ಸಲ. ಕಾರಣ ತಿಳಿಯದು.’

“ಅದು ಗುಡುಗಲ್ಲ ಮೇಷ್ಟ್ರೇ. ನಮ್ಮ ಯಜಮಾನ್ರು ನಿದ್ದೇಲಿ ಮಂಚದಿಂದ ಉರುಳಿ ಬಿದ್ದಿದ್ದು.”

ಮೇಷ್ಟ್ರು ಎದ್ದು ಬಂದರು. ಮೋಡವಿಲ್ಲದ ಆ ಗುಡುಗಿನ ಬಗ್ಗೆ ತಾವು ಹವಾಮಾನ ಇಲಾಖೆಗೆ ಮೂರು ಪತ್ರ ಬರೆದದ್ದನ್ನೂ, ಅಲ್ಲಿಯ ಅಧಿಕಾರಿಯೊಬ್ಬ ಬಹಳ ಅಪರೂಪದ ವಿದ್ಯಮಾನ ಎಂದು ಉತ್ತರ ಕೊಟ್ಟದ್ದನ್ನೂ ತುಂಬ ನೊಂದ ಸ್ವರದಲ್ಲಿ ಹೇಳಿದರು. ಅಕ್ಕ ಇಸ್ತ್ರಿ ಮೇಜು ಹಿಡಿದುಕೊಂಡು ನಕ್ಕಳು, ಹಿಡಿದುಕೊಂಡ ಭುಜ ಇನ್ನಷ್ಟು ಹಿಡಿದುಕೊಳ್ಳುವವರೆಗೆ ನಕ್ಕಳು. ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದು ಗುಡುಗು ಹೊಡೆದುಹಾಕಿ, ಮಂಚ ಎಂದು ಬರೆದರು.

ಅಲ್ಲಿಂದ ಮುಂದೆ ಕೆಲಸ ಇನ್ನೂ ನಿಧಾನವಾಯಿತು. ಇಪ್ಪತ್ತನಾಲ್ಕು ವರ್ಷದ ಸದ್ದುಗಳನ್ನೆಲ್ಲ ತಿದ್ದಬೇಕಾಗಿತ್ತಲ್ಲ. ಇದು ಕುರ್ಚಿಯಲ್ಲ, ಟ್ರಂಕು. ಇದು ಜಗಳವಲ್ಲ, ಮಗಳು ಪಾಠ ಒಪ್ಪಿಸುತ್ತಿದ್ದದ್ದು. ಇದು ಮಾತ್ರ ಜಗಳವೇ, ಆದರೆ ತಪ್ಪು ನನ್ನದಲ್ಲ, ಅದನ್ನೂ ಬರೆಯಿರಿ. ತಾವು ಕಂಡದ್ದನ್ನು, ಅಂದರೆ ಕೇಳಿದ್ದನ್ನು ಮಾತ್ರ ಬರೆಯುವುದೆಂದು ಮೇಷ್ಟ್ರು ಪಟ್ಟು ಹಿಡಿಯುತ್ತಿದ್ದರು. ಮಗಳು ಒಂದು ಸಂಜೆ ಬಸ್ಸು ಬಿಟ್ಟು ಬಂದವಳು ಹಗ್ಗದಾಟದ ಹಾಳೆ ಓದಿದಳು. ಸಮವಸ್ತ್ರದಲ್ಲೇ ಬಹಳ ಹೊತ್ತು ನಿಂತಿದ್ದು, ನೂರಾ ನಾಲ್ಕಲ್ಲ, ನೂರಾ ಐದು ಹಾರಿದ್ದೆ ತಾತ ಎಂದಳು. ನೂರಾ ಐದನೆಯದಕ್ಕೆ ಕಾಲು ಹಗ್ಗಕ್ಕೆ ತಾಗಿದ ಸದ್ದು ತಮಗೆ ಚೆನ್ನಾಗಿ ನೆನಪಿದೆ ಎಂದರು ಮೇಷ್ಟ್ರು. ಅದನ್ನು ತಿದ್ದಲಿಲ್ಲ.

ಮೂರು ತಿಂಗಳಿಗೆ ನಲವತ್ತೊಂದೂ ಮುಗಿದವು. ಮೇಷ್ಟ್ರು ಅದನ್ನು ಬಿಟ್ಟಿಯಾಗಿ ಒಪ್ಪಿಕೊಳ್ಳಲು ತಯಾರಿರಲಿಲ್ಲ. ದರ ಎಷ್ಟು ಎಂದು ಕೇಳಿದರು. ಕಾಗದಕ್ಕೆ ಅಕ್ಕನ ಹತ್ತಿರ ದರವಿರಲಿಲ್ಲ. ಯೋಚಿಸಿ, ಹಾಳೆಗೆ ಒಂದು ಕರವಸ್ತ್ರದ ದರ ಹಾಕಿದಳು, ಸುಟ್ಟ ಹಾಳೆ ಬಿಟ್ಟು. ಮೇಷ್ಟ್ರು ಕೊಟ್ಟರು. ಹಾಗೆಯೇ ಚಾವಣಿ, ತಂತಿ, ಹಾಸಿಗೆ, ರೇಡಿಯೋಗಳ ಪೂರ್ತಿ ದುಡ್ಡನ್ನು ಅವಳಿಂದ ಒಂದು ಕಾಸೂ ಬಿಡದೆ ತೆಗೆದುಕೊಂಡರು. ಸ್ನೇಹ ಬೇರೆ, ಸೋರಿಕೆ ಬೇರೆ ಎಂದು ಅವರ ನಿಲುವು. ಅಕ್ಕನಿಗೂ ಅದೇ ಸರಿ ಕಂಡಿತು. ಹೋಟೆಲಿನ ಹಾಸುಗಳನ್ನು ಇನ್ನೂ ಐದು ತಿಂಗಳು ಮಡಿಸಿ ಎಲ್ಲ ತೀರಿಸಿದಳು.

ಕಾಗದ ಒಣಗಿಸುವ ಸುದ್ದಿ ಅಷ್ಟರಲ್ಲಿ ಬೀದಿ ದಾಟಿತ್ತು. ಒಬ್ಬ ಹೆಂಗಸು ಬಕೆಟ್ಟಿಗೆ ಬಿದ್ದ ಮಗನ ಅಂಕಪಟ್ಟಿ ತಂದಳು. ಅಂಚೆಯವನು ಮಳೆಗೆ ಸಿಕ್ಕ ತನ್ನ ಚೀಲವನ್ನೇ ಗುಟ್ಟಾಗಿ ಹೊತ್ತು ತಂದ. ಮಹಡಿಯ ಟ್ಯಾಂಕು ಒಡೆದ ಮನೆಯವರು ಅಜ್ಜನ ಕಾಲದ ಮದುವೆಯ ಫೋಟೋಗಳನ್ನು ತಂದು, ಅಜ್ಜಿಯ ಮುಖ ಅಜ್ಜನ ಕೋಟಿಗೆ ಅಂಟಿದೆ, ಬಿಡಿಸಿ ಕೊಡಿ ಎಂದರು. ಹಾಳೆಗಳ ಕ್ರಮ ತಪ್ಪದಂತೆ ಜೋಡಿಸಲು ಮೇಷ್ಟ್ರು ಬೆಂಚಿನಿಂದ ಎದ್ದು ಮೇಜಿನ ಒಳಗಡೆಗೆ ಬಂದರು. ಅವರ ಅಂಗಿಯ ತೋಳುಗಳು ಈಗ ನೆಟ್ಟಗಿದ್ದವು.

ಈ ಹೊಸ ಕೆಲಸಕ್ಕೆ ಒಂದು ಫಲಕ ಬೇಕೆಂದಾಯಿತು. ಬರೆಯುವವನು ಕೇಳಿದ ಕೂಲಿ ಅಕ್ಕನಿಗೆ ಹೆಚ್ಚೆನಿಸಿತು. ತಾನೇ ಏಣಿ ಹತ್ತಿ, ಗೋಡೆಯ ಮೇಲೇ ತಾನೇ ಬರೆದಳು. ಮೇಷ್ಟ್ರು ಕೆಳಗೆ ನಿಂತು ಒತ್ತಕ್ಷರ ತಿದ್ದಿಸಿದರು, ಜಾಗದ ಅಳತೆ ನೋಡಲು ಇಬ್ಬರೂ ಮರೆತರು. ‘ಒದ್ದೆಯಾದ ಕಾಗದ ಪತ್ರಗಳನ್ನು ಒಣಗಿಸಿ ಕೊಡಲಾಗುವುದು’ ಎಂಬುದರಲ್ಲಿ ಕೊನೆಯ ಎರಡು ಅಕ್ಷರ ಪಕ್ಕದ ಬೀಗ ರಿಪೇರಿ ಅಂಗಡಿಯ ಗೋಡೆಯ ಮೇಲಿವೆ. ಬೀಗದವನು ಇನ್ನೂ ತಕರಾರು ತೆಗೆದಿಲ್ಲ. ಅವನ ಎರಡು ಒಳ್ಳೆಯ ಪ್ಯಾಂಟು ಅಕ್ಕನ ಹತ್ತಿರ ಇವೆ.